ಪಂಟ್ ಬಾಲ್ ಮಗನ ಹಿಮ್ಮಡಿಗೆ ತಗುಲಿತು. ತಪ್ಪು ಅವನದಾ?

ಪ್ರಶ್ನೆ: ನಮಸ್ಕಾರ ಸರ್. ನಾವು ನ್ಯೂಜೆರ್ಸಿಯ ಎಡಿಸನ್ ಹತ್ತಿರ ಇದ್ದೇವೆ. ಮಗ ಹತ್ತನೇ ಕ್ಲಾಸು, ಸ್ಕೂಲಿನ ಜೆವಿ (ಮುಖ್ಯ ತಂಡದ ಕೆಳಗಿನ ಕಿರಿಯರ) ಅಮೆರಿಕನ್ ಫುಟ್‌ಬಾಲ್ ಟೀಮಿನಲ್ಲಿ ಆಡುತ್ತಾನೆ. ಹೋದ ಸೋಮವಾರದ ಮ್ಯಾಚಿನಲ್ಲಿ ಎದುರಾಳಿಗಳು ಪಂಟ್ ಮಾಡಿದರು, ಅಂದರೆ ಬಾಲನ್ನು ದೂರಕ್ಕೆ ಒದ್ದರು. ಬಾಲ್ ನೆಲಕ್ಕೆ ಬಿದ್ದು ಎಗರಾಡುತ್ತಾ ಬಂತು. ನನ್ನ ಮಗ ಅವರ ಹುಡುಗನೊಬ್ಬನನ್ನು ತಡೆಯುತ್ತಿದ್ದ, ಇಬ್ಬರೂ ತಳ್ಳಾಡುತ್ತಿದ್ದರು. ಇವನ ಬೆನ್ನು ಬಾಲ್ ಕಡೆಗಿತ್ತು. ಅದು ಬಂದು ಇವನ ಹಿಮ್ಮಡಿಗೆ ತಗುಲಿತು. ಅವರ ಇನ್ನೊಬ್ಬ ಹುಡುಗ ಎತ್ತಿಕೊಂಡು, ಗೋಲ್ ಲೈನ್ ಆಚೆ ಮೈದಾನದ ತುದಿಯಲ್ಲಿರುವ ಎಂಡ್ ಝೋನ್ ತನಕ ಓಡಿಬಿಟ್ಟ. ರೆಫ್ರಿ, ಬಾಲ್ ಅವರದು, ಆದರೆ ಟಚ್‌ಡೌನ್ (ಅಲ್ಲಿಗೆ ಬಾಲ್ ಒಯ್ದದ್ದಕ್ಕೆ ಪಾಯಿಂಟ್) ಇಲ್ಲ ಅಂದರು. ಅರ್ಧ ಸರಿ ಅರ್ಧ ತಪ್ಪು ಹೇಗೆ? ಪಕ್ಕದಲ್ಲಿದ್ದವರೆಲ್ಲಾ ಮೋಸ ಅಂತ ಕೂಗಿದರು.

ಟೀವಿಯಲ್ಲಿ ವೃತ್ತಿಪರರ ಲೀಗ್ ಎನ್ಎಫ್ಎಲ್ ನೋಡಿದರೆ ಇನ್ನೂ ಗೊಂದಲ. ಭಾನುವಾರ ಒಬ್ಬ ತಾನೇ ಜಾರಿ ಮೊಣಕಾಲೂರಿ ಬಿದ್ದ, ಎದ್ದು ಮತ್ತೆ ಓಡಿದ. ಯಾರೂ ಸೀಟಿ ಊದಲಿಲ್ಲ. ಸೆಪ್ಟೆಂಬರಿನಲ್ಲಿ ನನ್ನ ಮಗ ಹಾಗೇ ಬಿದ್ದಾಗ ತಕ್ಷಣ ಸೀಟಿ. ಇನ್ನೊಬ್ಬ ಗೋಲ್ ಲೈನ್ ಕಡೆ ಕೈ ಚಾಚುವಾಗ ಬಾಲ್ ಜಾರಿ ಎಂಡ್ ಝೋನಿನ ಪಕ್ಕದಿಂದ ಆಚೆ ಹೋಯಿತು. ಎದುರಾಳಿಗಳು ಮುಟ್ಟಲೇ ಇಲ್ಲ, ಆದರೂ ಬಾಲ್ ಅವರಿಗೆ! ಡಲ್ಲಾಸಿನಲ್ಲಿ ಆಡುವ ನನ್ನ ಅಣ್ಣನ ಮಗ, 'ಅತ್ತೆ, ಎಂಡ್ ಝೋನಿಗೆ ಹೋದ ಪಂಟನ್ನೂ ಹಿಡಿದು ಓಡಬಹುದು' ಅಂತಾನೆ. ಇಲ್ಲಿನ ಕೋಚ್ ಆಗಲ್ಲ ಅಂತಾರೆ. ನಮ್ಮ ಯಜಮಾನರು, ಟೀವಿ ಜಾಸ್ತಿ ನೋಡಿದರೆ ರೂಲ್ಸ್ ತಾನಾಗಿ ಬರುತ್ತೆ ಅಂತಾರೆ. ಮಗ ಮೂರು ದಿನದಿಂದ ಸರಿಯಾಗಿ ಊಟ ಮಾಡಿಲ್ಲ. 'ನನ್ನಿಂದಾನೇ ಸೋತ್ವಿ' ಅಂತಾನೆ. ಕೋಚ್ ಹತ್ತಿರ ದೂರು ಕೊಡಬೇಕಾ?

ಉತ್ತರ: ಅಮ್ಮ, ನಿಮ್ಮ ಪತ್ರದಲ್ಲಿ ರೂಲ್ಸಿನ ಪ್ರಶ್ನೆ ನಾಲ್ಕೈದಿವೆ. ಆದರೆ ನಿಮ್ಮ ಮನಸ್ಸು ಕೊರೆಯುತ್ತಿರುವುದು ಒಂದೇ: ಹುಡುಗ ಏನೋ ದೊಡ್ಡ ತಪ್ಪು ಮಾಡಿದನಾ ಅಂತ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ನಾನು ಹನ್ನೆರಡು ವರ್ಷದಿಂದ ಶಾಲಾ ಪಂದ್ಯಗಳಲ್ಲಿ ಪಟ್ಟೆ ಅಂಗಿ ಹಾಕಿಕೊಂಡು ನಿಲ್ಲುವವನು. ನನ್ನ ಜಾಗ ಬ್ಯಾಕ್ ಜಡ್ಜ್. ಅಂದರೆ ಪಂಟ್ ಬಂದಾಗ ಅದು ಬೀಳುವ ಕಡೆ ನಿಂತಿರುವವನು ನಾನೇ. ನಿಮ್ಮ ಮಗನಿಗೆ ಆದದ್ದು ನನ್ನ ಕಣ್ಣೆದುರು ಹತ್ತಾರು ಹುಡುಗರಿಗೆ ಆಗಿದೆ. ಮೋಸ ಅಲ್ಲ. ನೀವು ಬರೆದಂತೆ ನಡೆದಿದ್ದರೆ ರೆಫ್ರಿ ಹೇಳಿದ ಎರಡೂ ಮಾತು ಸರಿ. ಒಂದೇ ಒಂದು ಸಂಗತಿ ಬಾಕಿ ಇದೆ, ಅದಕ್ಕೆ ಆಮೇಲೆ ಬರುತ್ತೇನೆ.

ಪಂಟ್ ಅಂದರೆ ಏನು? ನಾಲ್ಕು ಡೌನ್‌ಗಳಲ್ಲಿ, ಅಂದರೆ ನಾಲ್ಕು ಪ್ರಯತ್ನಗಳಲ್ಲಿ, 10 ಯಾರ್ಡ್ ಹೋಗಲು ಆಗಲ್ಲ ಅನ್ನಿಸಿದ ತಂಡ, ಸರಿ ಬಾಲ್ ನೀವೇ ಇಟ್ಟುಕೊಳ್ಳಿ, ಆದರೆ ದೂರದಿಂದ ಶುರು ಮಾಡಿ ಅಂತ ಒದ್ದು ಕಳಿಸುವುದು. ಅಂದರೆ ಕೊಟ್ಟುಬಿಟ್ಟ ಬಾಲ್. ಒದ್ದವರು ಅದನ್ನು ಮೊದಲು ಹಿಡಿದರೂ ಅದು ಅವರದಾಗುವುದಿಲ್ಲ, ಅಲ್ಲಿಗೇ ನಿಲ್ಲಿಸಿದಂತೆ ಅಷ್ಟೇ. ಆದರೆ ಬಾಲ್ ಆ ಡೌನ್ ಶುರುವಾದ ಜಾಗದ ಗೆರೆ (ಸ್ಕ್ರಿಮೇಜ್ ಗೆರೆ) ದಾಟಿದ ಮೇಲೆ ಪಡೆಯುವ ತಂಡದ ಯಾರಿಗಾದರೂ ತಗುಲಿತೋ, ಬಾಗಿಲು ತೆರೆದುಕೊಂಡಿತು. ಈಗ ಯಾರು ಹಿಡಿದರೆ ಅವರದು. ಕೈಯೇ ತಾಗಬೇಕೆಂದಿಲ್ಲ, ಬೇಕಂತಲೇ ಮುಟ್ಟಬೇಕೆಂದೂ ಇಲ್ಲ. ಹಿಮ್ಮಡಿ ಸಾಕು, ಬೆನ್ನು ಸಾಕು. 'ನೋಡಿರಲಿಲ್ಲ' ಅನ್ನುವುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಮತ್ತೆ ಟಚ್‌ಡೌನ್ ಯಾಕಿಲ್ಲ? ಯಾಕೆಂದರೆ ನಿಮ್ಮ ಮಗ ಬಾಲನ್ನು ಮುಟ್ಟಿದ, ಹಿಡಿಯಲಿಲ್ಲ. ಯಾರೂ ಹಿಡಿದು ತಮ್ಮದಾಗಿಸಿಕೊಳ್ಳುವ ತನಕ ಒದ್ದ ಬಾಲ್ ಇನ್ನೂ ಒದ್ದ ಬಾಲೇ. ಹಿಡಿಯಲು ಹೋಗಿ ಕೈಜಾರಿದರೆ ಅದಕ್ಕೆ ಮಫ್ ಅಂತಾರೆ. ಮಫ್ ಆದ ಅಥವಾ ಸುಮ್ಮನೆ ತಗುಲಿದ ಪಂಟನ್ನು ಒದ್ದವರು ವಾಪಸ್ ಪಡೆಯಬಹುದು, ಆದರೆ ಅದನ್ನು ಎತ್ತಿಕೊಂಡು ಓಡುವ ಹಾಗಿಲ್ಲ. ಅದೇ ನಿಮ್ಮ ಮಗ ಬಾಲನ್ನು ಎದೆಗೆ ಅಪ್ಪಿ ಹಿಡಿದು, ಎರಡು ಹೆಜ್ಜೆ ಓಡಿ, ಆಮೇಲೆ ಬೀಳಿಸಿದ್ದರೆ ಅದು ಫಂಬಲ್. ಆಗ ಆ ಓಟಕ್ಕೆ ಟಚ್‌ಡೌನ್ ಸಿಗುತ್ತಿತ್ತು. ಸ್ಟ್ಯಾಂಡಿನಲ್ಲಿ ಕೂತವರಿಗೆ ಎರಡೂ ಒಂದೇ ಥರ ಕಾಣುತ್ತೆ. ನಮಗೆ ಇಡೀ ತೀರ್ಪು ಅದರ ಮೇಲೇ ನಿಂತಿರುತ್ತೆ.

ಈ ವಿಷಯದಲ್ಲಿ ಶಾಲೆ, ಕಾಲೇಜು, ಎನ್ಎಫ್ಎಲ್ ಮೂರೂ ಕಡೆ ಒಂದೇ ಮಾತು.

ಇನ್ನು ಆ ಬಾಕಿ ಸಂಗತಿ. ನೀವು 'ಇಬ್ಬರೂ ತಳ್ಳಾಡುತ್ತಿದ್ದರು' ಅಂತ ಬರೆದಿದ್ದೀರಿ. ಎದುರಾಳಿ ಹುಡುಗ ನಿಮ್ಮ ಮಗನನ್ನು ತಳ್ಳಿ, ಆ ತಳ್ಳಿಗೇ ಇವನು ಬಾಲಿನ ಮೇಲೆ ಹೋಗಿದ್ದರೆ, ಆ ತಗುಲಿಕೆ ಲೆಕ್ಕಕ್ಕಿಲ್ಲ. ತಗುಲೇ ಇಲ್ಲ ಅಂತ ನಾವು ಭಾವಿಸಬೇಕು. ಇಲ್ಲದಿದ್ದರೆ ಪ್ರತಿ ಪಂಟಿಗೂ ಒದ್ದವರು ಒಬ್ಬನನ್ನು ಹಿಡಿದು ಬಾಲಿನತ್ತ ನೂಕಿ, ಆಮೇಲೆ ಬಾಲ್ ಎತ್ತಿಕೊಳ್ಳುತ್ತಿದ್ದರು, ಅಲ್ವಾ? ಆದರೆ ಇವನೇ ಅವನನ್ನು ತಡೆಯುತ್ತಾ ಹಿಂದೆ ಸರಿಯುವಾಗ ಬಾಲೇ ಬಂದು ಬಡಿದಿದ್ದರೆ ಅದು ತಗುಲಿದ್ದೇ.

ಈ ವ್ಯತ್ಯಾಸ ನೋಡುವುದು ಎಷ್ಟು ಕಷ್ಟ ಗೊತ್ತಾ? ಬಾಲ್ ಮೊಟ್ಟೆಯಾಕಾರ, ಎತ್ತ ಪುಟಿಯುತ್ತೆ ಅಂತ ಯಾರಿಗೂ ಗೊತ್ತಿಲ್ಲ. ನಾನು ಬಾಲಿನ ತಿರುಗು ನೋಡುತ್ತೇನೆ. ಅದು ಒಂದೇ ಸಮ ತಿರುಗುತ್ತಾ ಬರುವಾಗ ಶೂಗೆ ಸವರಿದರೂ ತಿರುಗು ತಟ್ಟನೆ ಬದಲಾಗುತ್ತೆ. ಅದೇ ಗಳಿಗೆಯಲ್ಲಿ ಆ ಹುಡುಗನ ಭುಜದ ಮೇಲೆ ಯಾರ ಕೈ ಇದೆ ಅಂತಲೂ ನೋಡಬೇಕು. ಜೆವಿ ಪಂದ್ಯಕ್ಕೆ ಸಾಮಾನ್ಯವಾಗಿ ನಾವು ಐದು ಜನ ಕೂಡ ಇರುವುದಿಲ್ಲ, ಮೂರೋ ನಾಲ್ಕೋ. ನನ್ನ ಮೂರನೇ ವರ್ಷದಲ್ಲಿ ಇಂಥದ್ದೇ ಒಂದು ಪಂಟ್. ಸಂಜೆ ಬೆಳಕು ಇಳಿದಿತ್ತು. ಬಾಲ್ ಯಾರಿಗೂ ತಗುಲಿಲ್ಲ, ಒದ್ದವರು ಹಿಡಿದಾಯಿತು ಅಂದುಕೊಂಡು ಸೀಟಿ ಊದಿಬಿಟ್ಟೆ. ಬಾಲ್ ಇನ್ನೂ ಉರುಳುತ್ತಿತ್ತು. ಒದ್ದ ಬಾಲ್ ಯಾರ ಕೈಗೂ ಸಿಗುವ ಮೊದಲೇ ತಪ್ಪಿ ಸೀಟಿ ಊದಿದರೆ ಆ ಡೌನ್ ಮತ್ತೆ ಆಡಿಸಬೇಕು. ಮೂವತ್ತೈದು ಯಾರ್ಡ್ ಓಡಿ ಬಂದ ಎರಡೂ ತಂಡದ ಹುಡುಗರು ನನ್ನ ಮುಖ ನೋಡುತ್ತಾ ವಾಪಸ್ ನಡೆದರು. ಆವತ್ತಿನಿಂದ ಪಂಟ್ ನೆಲದಲ್ಲಿರುವಾಗ ನನ್ನ ಸೀಟಿ ಬಾಯಲ್ಲಿರುವುದಿಲ್ಲ, ಕೈಯಲ್ಲಿರುತ್ತೆ.

ಮಗನಿಗೆ ಇನ್ನೊಂದು ಕಥೆ ಹೇಳಿ. ಲಿಯಾನ್ ಲೆಟ್ ಅಂತ ಡಲ್ಲಾಸ್ ಕೌಬಾಯ್ಸ್ ತಂಡದ ಆಟಗಾರ. 1993ರ ನವೆಂಬರ್ 25, ಥ್ಯಾಂಕ್ಸ್‌ಗಿವಿಂಗ್ ದಿನ. ಮೈದಾನದ ತುಂಬಾ ಹಿಮ. ಡಲ್ಲಾಸ್ 14, ಮಯಾಮಿ 13. ಕೊನೆಯ ಕ್ಷಣಗಳಲ್ಲಿ ಮಯಾಮಿ ಒದ್ದ ಫೀಲ್ಡ್ ಗೋಲನ್ನು (ಕಂಬಗಳ ನಡುವೆ ಹೋದರೆ 3 ಪಾಯಿಂಟ್) ಡಲ್ಲಾಸ್ ತಡೆದುಬಿಟ್ಟಿತು. ಬಾಲ್ ಗೆರೆ ದಾಟಿ ಹಿಮದ ಮೇಲೆ ಜಾರುತ್ತಾ ಹೋಯಿತು. ಸುಮ್ನೆ ಬಿಟ್ಟಿದ್ದರೆ ಪಂದ್ಯ ಮುಗಿದಿತ್ತು. ಡಲ್ಲಾಸಿನ ಉಳಿದವರು ದೂರ ನಿಂತು ಬೇಡ ಅಂತ ಕೈ ಬೀಸುತ್ತಿದ್ದರು. ಲೆಟ್ ಓಡಿ ಬಂದು ಬಾಲಿನ ಮೇಲೆ ಬೀಳಲು ಹೋಗಿ ಜಾರಿದ, ಕಾಲು ಬಾಲಿಗೆ ತಾಗಿತು. ಮಯಾಮಿಯವರು ಹಿಡಿದರು, ಮತ್ತೆ ಒದ್ದರು, 16-14ರಲ್ಲಿ ಗೆದ್ದರು. ನಿಮ್ಮ ಮಗನಿಗೆ ತಗುಲಿದ ರೂಲ್ ಇದೇ. ಲೆಟ್ ಬಾಲನ್ನು ನೋಡಿಯೂ ಮುಟ್ಟಿದ್ದ. ನಿಮ್ಮ ಮಗ ತನ್ನ ಕೆಲಸ ಮಾಡುತ್ತಿದ್ದ, ನೋಡಿರಲೇ ಇಲ್ಲ. ಆ ಸೀಸನ್ನಿನ ಕೊನೆಗೆ ಡಲ್ಲಾಸ್ ಎನ್ಎಫ್ಎಲ್ ಫೈನಲ್ ಆದ ಸೂಪರ್ ಬೌಲ್ ಗೆದ್ದಿತು, ಲೆಟ್ ಆ ತಂಡದಲ್ಲೇ ಇದ್ದ.

ನಿಮ್ಮ ಎಂಡ್ ಝೋನ್ ಪ್ರಶ್ನೆಗೂ ಉತ್ತರ ಇವನ ಹತ್ತಿರವೇ ಇದೆ. ಅದೇ ವರ್ಷದ ಜನವರಿ 31ರ ಸೂಪರ್ ಬೌಲ್. ಬಫಲೋ ತಂಡ ಬೀಳಿಸಿದ ಬಾಲನ್ನು ಎತ್ತಿಕೊಂಡು ಲೆಟ್ 60 ಯಾರ್ಡಿಗೂ ಹೆಚ್ಚು ಓಡಿದ. ಗೋಲ್ ಲೈನ್ ಹತ್ತಿರ ಬಂದಾಗ ಖುಷಿಗೆ ಬಾಲನ್ನು ಪಕ್ಕಕ್ಕೆ ಚಾಚಿ ನಿಧಾನ ಮಾಡಿದ. ಹಿಂದಿನಿಂದ ಬಂದ ಡಾನ್ ಬೀಬಿ ಅದನ್ನು ತಟ್ಟಿ ಹಾರಿಸಿದ. ಬಾಲ್ ಎಂಡ್ ಝೋನಿನಿಂದ ಆಚೆ ಹೋಯಿತು. ಟಚ್‌ಬ್ಯಾಕ್. ಬಾಲ್ ಬಫಲೋಗೆ, ಅವರ 20 ಯಾರ್ಡ್ ಗೆರೆಯಿಂದ. ಡಲ್ಲಾಸ್ 52-17ರಲ್ಲಿ ಗೆದ್ದಿದ್ದರಿಂದ ನಷ್ಟ ಆಗಲಿಲ್ಲ.

ಎನ್ಎಫ್ಎಲ್‌ನಲ್ಲಿ ಮೈದಾನದ ಮಧ್ಯೆ ಬಾಲ್ ಮುಂದಕ್ಕೆ ಜಾರಿ ಪಕ್ಕದ ಗೆರೆ ದಾಟಿದರೆ, ಜಾರಿದ ಜಾಗಕ್ಕೇ ವಾಪಸ್ ತಂದು ನಿಮಗೇ ಕೊಡುತ್ತಾರೆ. ಗೋಲ್ ಲೈನ್ ಆಚೆ ಮಾತ್ರ ಯಾಕೆ ಕಿತ್ತುಕೊಳ್ಳುತ್ತಾರೆ? ಎಂಡ್ ಝೋನಿನಲ್ಲಿ ಕೇಳುವ ಪ್ರಶ್ನೆಯೇ ಬೇರೆ: ಬಾಲನ್ನು ಇಲ್ಲಿಗೆ ಕಳಿಸಿದ ಬಲ ಯಾರದು? ನಿಮ್ಮ ಬಲದಿಂದ ಬಾಲ್ ನಿಮ್ಮದೇ ಎಂಡ್ ಝೋನಿಗೆ ಹೋಗಿ ಆಚೆ ಬಿದ್ದರೆ ಸೇಫ್ಟಿ, ಎದುರಾಳಿಗೆ 2 ಪಾಯಿಂಟ್. ನಿಮ್ಮ ಬಲದಿಂದ ಅವರ ಎಂಡ್ ಝೋನಿಗೆ ಹೋಗಿ ಆಚೆ ಬಿದ್ದರೆ ಟಚ್‌ಬ್ಯಾಕ್, ಬಾಲ್ ಅವರಿಗೆ. ಪಂಟ್ ಅಲ್ಲಿಗೆ ಹೋಗಿ ಬಿದ್ದರೂ ಹೀಗೇ ತಾನೇ? ಫಂಬಲಿಗೂ ಅದೇ ಲೆಕ್ಕ ಹಾಕಿದ್ದಾರೆ. ಶಿಕ್ಷೆ ಜಾಸ್ತಿ ಆಯಿತು ಅಂತ ವರ್ಷಗಳಿಂದ ಜಗಳ ಇದೆ. ನನಗೆ ಕೇಳಿದರೆ ರೂಲ್ ಕಠಿಣ, ಆದರೆ ಅನ್ಯಾಯ ಅಲ್ಲ. ಗೋಲ್ ಲೈನ್ ಹತ್ತಿರ ಬಾಲನ್ನು ಒಂದೇ ಕೈಯಲ್ಲಿ ಚಾಚುವ ಹುಡುಗರನ್ನು ನೋಡಿದಾಗ ನನ್ನ ಎದೆ ಡವಡವ ಅನ್ನುತ್ತೆ.

ಈಗ ಮೊಣಕಾಲು. ನಾವೆಲ್ಲಾ ಕ್ರಿಕೆಟ್ ನೋಡಿ ಬೆಳೆದವರು. ಅಲ್ಲಿ ಎಂಸಿಸಿ ಬರೆದ ಒಂದೇ ಪುಸ್ತಕ ಎಲ್ಲರಿಗೂ ಮೂಲ. ಇಲ್ಲಿ ಪುಸ್ತಕಗಳು ಮೂರು: ಎನ್ಎಫ್ಎಲ್‌ನದು ಒಂದು, ಕಾಲೇಜಿನ ಎನ್‌ಸಿಎಎಯದು ಒಂದು, ಶಾಲೆಗಳ ಎನ್ಎಫ್ಎಚ್ಎಸ್‌ನದು ಒಂದು. ನಿಮ್ಮ ಗೊಂದಲದ ಅರ್ಧ ಇಲ್ಲಿಂದಲೇ ಬಂದಿರುವುದು. ಎನ್ಎಫ್ಎಲ್‌ನಲ್ಲಿ ಓಡುವವನು ತಾನೇ ಬಿದ್ದರೆ ಆಟ ನಿಲ್ಲುವುದಿಲ್ಲ, ಎದುರಾಳಿ ಮುಟ್ಟಬೇಕು. ಕಾಲೇಜು ಮತ್ತು ಶಾಲೆಯಲ್ಲಿ ಅಂಗೈ, ಪಾದ ಬಿಟ್ಟು ಮೈಯ ಯಾವ ಭಾಗ ನೆಲಕ್ಕೆ ತಾಗಿದರೂ ಆಟ ನಿಂತಿತು. ನಿಮ್ಮ ಮಗನಿಗೆ ಸೀಟಿ ಊದಿದ್ದು ಸರಿ, ಟೀವಿಯಲ್ಲಿ ಊದದೆ ಇದ್ದದ್ದೂ ಸರಿ. 2000ರಲ್ಲಿ ಪಿಟ್ಸ್‌ಬರ್ಗಿನ ಪ್ಲೆಕ್ಸಿಕೊ ಬರೆಸ್ ಅನ್ನುವ ಹೊಸ ಆಟಗಾರ ಕ್ಯಾಚ್ ಹಿಡಿದು ತಾನೇ ಬಿದ್ದ. ಎದ್ದು ಸಂಭ್ರಮದಲ್ಲಿ ಬಾಲನ್ನು ನೆಲಕ್ಕೆ ಬಡಿದ. ಅವನನ್ನು ಯಾರೂ ಮುಟ್ಟಿರಲಿಲ್ಲ, ಆಟ ನಡೀತಾನೇ ಇತ್ತು. ಎದುರಾಳಿಗಳು ಬಾಲ್ ಎತ್ತಿಕೊಂಡರು. ಕಾಲೇಜಿನ ಅಭ್ಯಾಸ ಬಿಟ್ಟಿರಲಿಲ್ಲ, ಅಷ್ಟೇ.

ಶಾಲೆಯ ರೂಲಿಗೂ ಒಂದು ವಿನಾಯಿತಿ ಇದೆ. ಫೀಲ್ಡ್ ಗೋಲ್ ಒದೆಯುವಾಗ ಬಾಲನ್ನು ನೆಲಕ್ಕೆ ಇಟ್ಟು ಹಿಡಿದುಕೊಳ್ಳುವ ಹುಡುಗ ಮೊಣಕಾಲೂರಿಯೇ ಕೂತಿರುತ್ತಾನೆ. ಮೊಣಕಾಲು ತಾಗಿದರೆ ಆಟ ನಿಲ್ಲಬೇಕು ಅಂದರೆ ಯಾರೂ ಫೀಲ್ಡ್ ಗೋಲ್ ಒದೆಯಲಾಗುತ್ತಿರಲಿಲ್ಲ. ಅದಕ್ಕೇ ಅವನೊಬ್ಬನಿಗೆ ಬಿಟ್ಟಿದ್ದಾರೆ.

ನಿಮ್ಮ ಅಣ್ಣನ ಮಗನೂ ಸರಿ, ನಿಮ್ಮ ಕೋಚೂ ಸರಿ. ಟೆಕ್ಸಸ್ ಶಾಲೆಗಳು ಕಾಲೇಜಿನ ಪುಸ್ತಕ ಇಟ್ಟುಕೊಂಡು ಆಡುತ್ತವೆ. ಅಲ್ಲಿ ಎಂಡ್ ಝೋನಿನಲ್ಲಿ ಪಂಟನ್ನು ಗಾಳಿಯಲ್ಲೇ ಹಿಡಿದು ಓಡಬಹುದು. ಇಲ್ಲಿ ನಮ್ಮ ಪುಸ್ತಕದಲ್ಲಿ ಒದ್ದ ಬಾಲ್ ಗೋಲ್ ಲೈನ್ ದಾಟಿದ ತಕ್ಷಣ ಟಚ್‌ಬ್ಯಾಕ್, ನಾನು ಸೀಟಿ ಊದಲೇಬೇಕು.

ಟೀವಿ ನೋಡಿ ಕಲಿಯುವ ಮಾತು. ಆಟದ ಲಯ ಕಲಿಯಲು ಟೀವಿ ಒಳ್ಳೇದೇ, ರೂಲ್ ಕಲಿಯಲು ಅಪಾಯ. ಅಲ್ಲಿ ಕ್ಯಾಚಿಗೆ ಎರಡೂ ಪಾದ ಗೆರೆಯೊಳಗೆ ಬೇಕು, ಇಲ್ಲಿ ಒಂದು ಸಾಕು. ಅಲ್ಲಿ ನಾಲ್ಕನೇ ಡೌನಿನಲ್ಲಿ ಫಂಬಲ್ ಆದರೆ, ಆ ತಂಡದಲ್ಲಿ ಬೀಳಿಸಿದವನು ಮಾತ್ರ ಅದನ್ನು ಮುಂದಕ್ಕೆ ಒಯ್ಯಬಹುದು. ಇದು 1978ರಲ್ಲಿ ಆದ ಒಂದು ಪಂದ್ಯದ ಫಲ. ಸ್ಯಾನ್ ಡಿಯಾಗೋ ವಿರುದ್ಧದ ಆ ಪಂದ್ಯದ ಕೊನೆಯ ಡೌನಿನಲ್ಲಿ ಓಕ್ಲೆಂಡ್ ರೇಡರ್ಸ್ ಬಾಲನ್ನು ಮುಂದಕ್ಕೆ ಬೀಳಿಸಿ, ಒಬ್ಬ ನೂಕಿ, ಇನ್ನೊಬ್ಬ ಕಾಲಲ್ಲಿ ತಳ್ಳಿ ಎಂಡ್ ಝೋನ್ ತಲುಪಿಸಿ 21-20ರಲ್ಲಿ ಗೆದ್ದರು. ಮರುವರ್ಷವೇ ರೂಲ್ ಬಂತು. ನಮ್ಮ ಶಾಲೆಯ ಪುಸ್ತಕದಲ್ಲಿ ಅದು ಇಲ್ಲ. ಟೀವಿ ನೋಡಿ ಕಲಿತ ಹುಡುಗ ತನ್ನ ಗೆಳೆಯ ಬೀಳಿಸಿದ ಬಾಲನ್ನು ಎತ್ತಿಕೊಂಡು ಓಡಬಹುದಾದ ಕಡೆ ಸುಮ್ಮನೆ ಅದರ ಮೇಲೆ ಮಲಗಿರುತ್ತಾನೆ. ನಾನೇ ನೋಡಿದ್ದೇನೆ.

ಹಾಗಾದರೆ ಪಂಟ್ ಬರುವಾಗ ಮಗ ಏನು ಮಾಡಬೇಕು? ಹಿಡಿಯಲು ನಿಂತವನಾದರೆ, ಗಾಳಿಯಲ್ಲೇ ಹಿಡಿಯುವುದು ಎಲ್ಲಕ್ಕಿಂತ ಒಳ್ಳೇದು. ನೆಲಕ್ಕೆ ಬಿದ್ದ ಬಾಲ್ ಯಾರ ಮಾತೂ ಕೇಳುವುದಿಲ್ಲ. ಎದುರಾಳಿಗಳು ತೀರಾ ಹತ್ತಿರ ಬಂದಿದ್ದರೆ ಒಂದು ಕೈ ತಲೆ ಮೇಲೆ ನೆಟ್ಟಗೆ ಎತ್ತಿ ಆ ಕಡೆ ಈ ಕಡೆ ಬೀಸಿ ಫೇರ್ ಕ್ಯಾಚ್ ಕೇಳಬಹುದು. ಹಿಡಿಯುವಾಗ ಯಾರೂ ಅಡ್ಡ ಬರುವ ಹಾಗಿಲ್ಲ. ಬದಲಿಗೆ ಅವನು ಓಡುವ ಹಾಗಿಲ್ಲ. ಕೈಯನ್ನು ಅರ್ಧ ಎತ್ತಿ ಬಿಟ್ಟರೆ ತಪ್ಪು ಸನ್ನೆ ಅಂತ ದಂಡ ಬೀಳುತ್ತೆ. ಕೈ ತೋರಿಸಿದ ಮೇಲೆ ಬಾಲ್ ಹಿಡಿಯದೆ ಬೇರೆಯವರನ್ನು ತಡೆಯಲು ಹೋದರೂ ತಪ್ಪೇ.

ನಿಮ್ಮ ಮಗನಂತೆ ತಡೆಯುವ ಕೆಲಸದಲ್ಲಿರುವವರಿಗೆ ಬೇಕಾದ್ದು ಕಿವಿ. ಹಿಂದೆ ನಿಂತವನಿಗೆ ಬಾಲ್ ಕಾಣುತ್ತೆ, ಇವನಿಗೆ ಕಾಣಲ್ಲ. ಅದಕ್ಕೇ ಬಹಳಷ್ಟು ತಂಡಗಳಲ್ಲಿ ಒಂದು ಗುಟ್ಟಿನ ಮಾತು ಇರುತ್ತೆ, 'ಪೀಟರ್! ಪೀಟರ್!' ಅಂತಲೋ 'ಪಾಯ್ಸನ್!' ಅಂತಲೋ ಕೂಗುತ್ತಾರೆ. ಕೇಳಿದ ತಕ್ಷಣ ಎಲ್ಲಾ ಬಿಟ್ಟು ದೂರ ಓಡಬೇಕು. ಇದರಲ್ಲಿ ಐದಾರು ಯಾರ್ಡ್ ಕಳೆದುಕೊಳ್ಳಬಹುದು, ಬಾಲ್ ಮಾತ್ರ ನಮ್ಮದೇ. ನಿಮ್ಮ ಮಗನ ತಂಡದಲ್ಲಿ ಆವತ್ತು ಯಾರಾದರೂ ಕೂಗಿದರಾ? ಕೂಗಿಲ್ಲದಿದ್ದರೆ ಇದು ಒಬ್ಬನ ತಪ್ಪು ಆಗುವುದಾದರೂ ಹೇಗೆ?

ಇಲ್ಲೊಂದು ಎಚ್ಚರಿಕೆ, ದಯವಿಟ್ಟು ಅವನಿಗೆ ಬಿಡಿಸಿ ಹೇಳಿ. ಇದು ಪಂಟಿಗೆ ಮಾತ್ರ. ಆಟ ಶುರು ಮಾಡುವ ಕಿಕಾಫಿಗೆ ಲೆಕ್ಕ ತಿರುಗುಮುರುಗು. ಅದು ನೆಲಕ್ಕೆ ತಾಗಿ 10 ಯಾರ್ಡ್ ದಾಟಿದರೆ, ನಮ್ಮವರು ಮುಟ್ಟದಿದ್ದರೂ ಒದ್ದವರು ಹಿಡಿದು ತಮ್ಮದಾಗಿಸಿಕೊಳ್ಳಬಹುದು. ಪಂಟಿನಲ್ಲಿ ಪೆಟ್ಟು ತಿಂದ ಹುಡುಗ ಹೆದರಿ ಮುಂದಿನ ವಾರ ಕಿಕಾಫಿನಿಂದಲೂ ದೂರ ನಿಂತರೆ ಅದು ನಿಜವಾದ ನಷ್ಟ.

ಮನಸ್ಸಿಗೆ ಸ್ವಲ್ಪ ಹಗುರಾಗುವ ರೂಲೂ ಒಂದಿದೆ. ಪಂಟನ್ನು ಒದ್ದವರೇ ಮೊದಲು ಮುಟ್ಟಿಬಿಟ್ಟರೆ, ಆ ಜಾಗದಲ್ಲಿ ನಾನು ಸೊಂಟದಿಂದ ಬೀನ್ ಬ್ಯಾಗ್ ತೆಗೆದು ಹಾಕುತ್ತೇನೆ. ಆಮೇಲೆ ನಿಮ್ಮ ಮಗ ಬಾಲ್ ಎತ್ತಿಕೊಂಡು ಓಡಿ ಬೀಳಿಸಿದರೂ, ಅವನ ತಂಡ ಬೇರೆ ಫೌಲ್ ಮಾಡದಿದ್ದರೆ, ಆ ಬ್ಯಾಗ್ ಇದ್ದ ಜಾಗದಿಂದ ಬಾಲ್ ನಿಮ್ಮ ಮಗನ ತಂಡಕ್ಕೇ ಸಿಗುತ್ತೆ. ನೆಲದ ಮೇಲೆ ಆ ಪುಟ್ಟ ಚೀಲ ಬಿದ್ದಿದ್ದು ಕಂಡರೆ ಧೈರ್ಯವಾಗಿ ಎತ್ತಿಕೊಳ್ಳಲಿ.

ದೂರಿನ ವಿಷಯ. ಇವನನ್ನು ತಳ್ಳಿದರಾ, ಬಾಲ್ ತಗುಲಿತಾ ಅನ್ನುವುದು ಕಣ್ಣಳತೆಯ ತೀರ್ಪು. ಅದನ್ನು ಈಗ ಯಾರೂ ಬದಲಾಯಿಸಲ್ಲ. ರೂಲನ್ನೇ ತಪ್ಪಾಗಿ ಅನ್ವಯಿಸಿದರು ಅನ್ನಿಸಿದರೆ ಪಂದ್ಯದ ನಡುವೆಯೇ ಕೋಚ್ ಟೈಮ್ಔಟ್ ತೆಗೆದುಕೊಂಡು ನಮ್ಮನ್ನು ಕೇಳಬಹುದು. ನಾವು ಸರಿ ಇದ್ದರೆ ಆ ಟೈಮ್ಔಟ್ ಅವರ ಲೆಕ್ಕಕ್ಕೆ. ಹಾಗಾಗಿ ದೂರು ಬೇಡ, ಪ್ರಶ್ನೆ ಕೇಳಿ. ಅದನ್ನೂ ನೀವಲ್ಲ, ಮಗನೇ ಕೇಳಲಿ: 'ಕೋಚ್, ನಾನು ಬೆನ್ನು ಹಾಕಿರುವಾಗ ನಮಗೆ ಯಾರು ಕೂಗಬೇಕು?' ಹತ್ತನೇ ಕ್ಲಾಸಿನ ಹುಡುಗ ಹೀಗೆ ಕೇಳಿದರೆ ಯಾವ ಕೋಚೂ ಬೇಜಾರು ಮಾಡಿಕೊಳ್ಳಲ್ಲ. ಅಪ್ಪ ಅಮ್ಮ ಪಾರ್ಕಿಂಗ್ ಲಾಟಿನಲ್ಲಿ ನಿಲ್ಲಿಸಿ ಕೇಳಿದರೆ ಮಾತ್ರ ಆ ಹುಡುಗನಿಗೇ ಮುಜುಗರ ಆಗುತ್ತೆ.

ಯಜಮಾನರಿಗೆ ಶನಿವಾರ ಬಿಡುವಿದ್ದರೆ ಪಾರ್ಕಿಗೆ ಕರೆದುಕೊಂಡು ಹೋಗಿ ಬಾಲನ್ನು ಹೇಗಾದರೂ ಒದ್ದು ಪುಟಿಸಲಿ. ಮಗ ಬೆನ್ನು ಹಾಕಿ ನಿಲ್ಲಲಿ, ನೀವು 'ಪೀಟರ್' ಅಂತ ಕೂಗಿ. ಇಪ್ಪತ್ತು ಸಲ ಮಾಡಿದರೆ ಕಾಲು ತಾನಾಗಿ ಓಡುತ್ತೆ. ಭಾನುವಾರ ಟೀವಿ ಮುಂದೆ ಕೂತಾಗ ಪಂಟ್ ಬಂದರೆ ಬಾಲನ್ನು ನೋಡಬೇಡಿ, ಹಿಡಿಯಲು ನಿಂತವನ ಕೈ ನೋಡಿ. ಬಾಲ್ ನೆಲಕ್ಕೆ ಬಿದ್ದರೆ ಅವನು ಎರಡೂ ತೋಳು ಅಗಲಿಸಿ ಬೀಸುತ್ತಾ, ಬಾಯಿಬಿಟ್ಟು ಕೂಗುತ್ತಾ, ತನ್ನವರನ್ನೆಲ್ಲ ಅಲ್ಲಿಂದ ಓಡಿಸುತ್ತಿರುತ್ತಾನೆ. ಮಗನಿಗೆ ತೋರಿಸಿ.